ಏಳು ಜನರ ಬ್ಯಾಂಡಿನಲ್ಲಿ ಎಂಟನೇ ಉಸಿರು

ದುಂಡಪ್ಪನಿಗೆ ಮೊದಲು ಅನುಮಾನ ಬಂದದ್ದು ಅಕ್ಟೋಬರ್‌ನ ಮೊದಲ ಭಾನುವಾರ ಬೆಳಗ್ಗೆ, ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಡೋನಾವ್ ನದಿಯ ದಂಡೆಯ ಹಳೆಯ ಗಾಸ್ಟ್‌ಹೋಫ್ ಎಂಬ ಊಟ-ವಸತಿ ಗೃಹವೊಂದರ ಹಿಂದಿನ ಹಾಲಿನಲ್ಲಿ. ಜನ ಬಿಯರ್ ಕುಡಿಯುತ್ತ, ಬಿಳಿ ಸಾಸೇಜಿನ ಸಿಪ್ಪೆ ಸುಲಿಯುತ್ತ ಕೂತಿದ್ದರು. ವೇದಿಕೆಯ ಮೇಲೆ ಜೆಕ್ ದೇಶದ ಏಳು ಗಂಡಸರು ನೂರು ವರ್ಷ ಹಿಂದಿನ ಅಮೆರಿಕದ ಜಾಝ್ ಮತ್ತು ಸ್ವಿಂಗ್ ಬಾರಿಸುತ್ತಿದ್ದರು. ಶುಮಾವಾ ಸ್ಟಾಂಪರ್ಸ್ ಅಂತ ಅವರ ಬ್ಯಾಂಡಿನ ಹೆಸರು. ಗಡಿಯಾಚೆಯ ಕ್ಲಾತೋವಿ ಎಂಬ ಸಣ್ಣ ಊರಿನವರು. ಹಳೆಯ ಅರಗಿನ ರೆಕಾರ್ಡುಗಳನ್ನು ಸವೆಯುವ ತನಕ ಕೇಳಿ, ಒಂದೊಂದೇ ಸ್ವರ ಬರೆದುಕೊಂಡು, ಮರೆತುಹೋಗಿದ್ದ ಆ ಸಂಗೀತವನ್ನು ಎಬ್ಬಿಸಿ ಕೂರಿಸಿದವರು. ಪೋಸ್ಟರಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕಿದ್ದರು: ಮೈಕ್ ಇಲ್ಲ, ಸ್ಪೀಕರ್ ಇಲ್ಲ, ಆಗ ಹೇಗೋ ಈಗಲೂ ಹಾಗೇ.

ಅದೇ ಪೋಸ್ಟರಿನ ನಟ್ಟನಡುವೆ ಬೊಹುಮಿಲ್‌ನ ಮುಖವಿತ್ತು. ಬ್ಯಾಂಡು ಕಟ್ಟಿದವನು ಅವನೇ. ಎಪ್ಪತ್ತು ದಾಟಿದ, ದಪ್ಪ ಬಿಳಿ ಮೀಸೆಯ ಟ್ರಂಪೆಟ್ ವಾದಕ. ಆ ಬೆಳಗ್ಗೆ ಅವನು ಒಂದು ನಿಧಾನದ ಹಾಡಿನ ನಡುವೆ ಪಿಯಾನೋದವನ ಕಡೆ ತಿರುಗಿದ. ಟ್ರಂಪೆಟ್ಟಿನ ಬಾಯಿ ಗೋಡೆಯ ಕಡೆ ಹೋಯಿತು. ಆದರೆ ಸದ್ದು ಕಿಂಚಿತ್ತೂ ಮಂಕಾಗಲಿಲ್ಲ.

ದುಂಡಪ್ಪ ಕೈಯಲ್ಲಿದ್ದ ಆಪಲ್ ಜ್ಯೂಸಿನ ಗ್ಲಾಸನ್ನು ಕೆಳಗಿಟ್ಟ.

ಸದ್ದಿನ ಮೂಲ ಹುಡುಕುವುದೇ ಅವನ ಕೆಲಸ. ಜಮಖಂಡಿಯವನು, ಹನ್ನೊಂದು ವರ್ಷಗಳಿಂದ ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಶಬ್ದ ವಿಭಾಗದಲ್ಲಿ ಎಂಜಿನಿಯರ್. ಕಾರಿನೊಳಗೆ ಎಲ್ಲೋ ಕಿರ್ ಎನ್ನುತ್ತದೆ ಅಂತ ದೂರು ಬಂದರೆ, ಅದು ಡ್ಯಾಶ್‌ಬೋರ್ಡಿನದೋ ಸೀಟಿನದೋ ಬಾಗಿಲಿನದೋ ಎಂದು ಹಿಡಿಯಬೇಕಾದವನು ಅವನು. ಹಿಂದೆ ತಿರುಗಿದ ಟ್ರಂಪೆಟ್ ಮುಂದೆ ಇದ್ದಷ್ಟೇ ಚೊಕ್ಕ ಕೇಳಿಸಲು ಸಾಧ್ಯವಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹಾಡು ಮುಗಿದಾಗ ಹೆಂಡತಿ ಮಧುಮತಿ ಕುಣಿದು ಬೆವರಿ ಮೇಜಿಗೆ ಬಂದಳು. ಅವಳು ಫೋಲ್ಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಾಲೆಯ ಸಂಜೆ ಕ್ಲಾಸಿನಲ್ಲಿ ಸ್ವಿಂಗ್ ಕುಣಿತ ಕಲಿಯುತ್ತಿದ್ದಳು. ಅವರು ಈ ಬ್ಯಾಂಡು ಕೇಳಲು ಬಂದದ್ದೇ ಅದರಿಂದ.

"ಆ ಮುದುಕ ಊದಾಕತ್ತಿಲ್ಲ," ಅಂದ ದುಂಡಪ್ಪ. "ಟೇಪ್ ಹಚ್ಚಿರಬೇಕು. ಸ್ಪೀಕರ್ ಎಲ್ಲೋ ಪರದೆ ಹಿಂದ ಐತಿ."

"ನಿಮಗ ಮನ್ಯಾಗಿನ ಫ್ರಿಜ್ ಮ್ಯಾಲೂ ಡೌಟ್," ಎಂದಳು ಮಧುಮತಿ. "ಭಾನುವಾರ ಒಂದಿನ ಸುಮ್ನ ಕೇಳ್ಲಿಕ್ಕೆ ಆಗೂದಿಲ್ಲೇನ್ರೀ?"

ಅಷ್ಟರಲ್ಲಿ ಮಗಳು ಪವಿ ವೇದಿಕೆಯ ಹತ್ತಿರದಿಂದ ಓಡಿಬಂದಳು. ಹದಿಮೂರು ವರ್ಷ. ಮೂರು ವರ್ಷದಿಂದ ಮ್ಯೂಸಿಕ್‌ಶೂಲೆಯಲ್ಲಿ ಟ್ರಂಪೆಟ್ ಕಲಿಯುತ್ತಿದ್ದವಳು. ಮುಖ ಕೆಂಪಾಗಿತ್ತು. ಬೊಹುಮಿಲ್ ತನ್ನ ಹತ್ತಿರ ಮಾತಾಡಿದ, ಇನ್ನೂ ಮೂರು ಭಾನುವಾರ ಬ್ಯಾಂಡು ಇಲ್ಲೇ ಬಾರಿಸುತ್ತದಂತೆ, ಒಂದು ತಾಸು ಮುಂಚೆ ಟ್ರಂಪೆಟ್ ತಗೊಂಡು ಬಂದರೆ ಹೇಳಿಕೊಡುತ್ತಾನಂತೆ. ಇದಿಷ್ಟನ್ನೂ ಅವಳು ಒಂದೇ ಉಸಿರಿಗೆ ಜರ್ಮನ್‌ನಲ್ಲಿ ಹೇಳಿದಳು.

ದುಂಡಪ್ಪ ವೇದಿಕೆಯ ಕಡೆ ನೋಡಿದ. ಬೊಹುಮಿಲ್ ಅವನನ್ನೇ ನೋಡುತ್ತಿದ್ದ. ಬಾಯಿಯ ಒಂದು ಬದಿಯಲ್ಲಷ್ಟೇ ನಕ್ಕ. ಏನನ್ನೋ ಬಚ್ಚಿಟ್ಟುಕೊಂಡವನ ನಗು ಅದು ಎಂದು ದುಂಡಪ್ಪನಿಗೆ ಅನಿಸಿತು.

ಮುಂದಿನ ಭಾನುವಾರ ಮಗಳ ಜೊತೆ ಅವನೂ ಹೋದ. ಪರಿಚಯವಿಲ್ಲದ ಮುದುಕ ಸುಮ್ಮಸುಮ್ಮನೆ ಪಾಠ ಹೇಳಿಕೊಡುತ್ತೇನೆ ಅನ್ನುವುದೇ ಅವನಿಗೆ ಸರಿ ಕಂಡಿರಲಿಲ್ಲ. ಖಾಲಿ ಹಾಲಿನ ಮೂಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ.

ಪವಿ ಊದಿದಳು. ಬೊಹುಮಿಲ್ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಅದೇ ಸಾಲನ್ನು ಗಂಟಲಿನಲ್ಲಿ ಹಾಡಿ ತೋರಿಸಿದ. ಎಲ್ಲಿ ತಡೆಯಬೇಕು, ಎಲ್ಲಿ ಜಾರಬೇಕು, ಎಲ್ಲಿ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳಬೇಕು, ಎಲ್ಲವನ್ನೂ. ಅವನ ಜರ್ಮನ್ ಒಡಕಲು. ಆದರೂ ಪವಿಗೆ ಪ್ರತಿಯೊಂದೂ ತಿಳಿಯುತ್ತಿತ್ತು. ಅರ್ಧ ತಾಸಿನಲ್ಲಿ ಅವಳ ಟ್ರಂಪೆಟ್ಟಿನ ಸ್ವರವೇ ಬದಲಾದದ್ದು ದುಂಡಪ್ಪನ ಕಿವಿಗೆ ತಪ್ಪಲಿಲ್ಲ.

ಇನ್ನೊಂದೂ ತಪ್ಪಲಿಲ್ಲ. ಇಡೀ ತಾಸಿನಲ್ಲಿ ಬೊಹುಮಿಲ್ ತನ್ನ ಟ್ರಂಪೆಟ್ ಮುಟ್ಟಲಿಲ್ಲ.

"ನೀವೊಂದು ಸಲ ಊದಿ ತೋರಿಸಬಹುದಲ್ಲ?" ಎಂದು ದುಂಡಪ್ಪ ಕೂತಲ್ಲಿಂದಲೇ ಕೇಳಿದ.

ಬೊಹುಮಿಲ್ ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಯ ಎಡಮೂಲೆ ಒರೆಸಿಕೊಂಡ. "ತುಟಿಯನ್ನು ಕಾರ್ಯಕ್ರಮಕ್ಕೆ ಉಳಿಸಬೇಕು," ಅಂದ.

"ಅಪ್ಪಾ, ಪೈನ್‌ಲಿಷ್!" ಎಂದು ಪವಿ ಹಲ್ಲು ಕಚ್ಚಿ ಗದರಿದಳು. ಮಾನ ಕಳೀಬೇಡ ಎಂದು ಅದರರ್ಥ.

ಕಾರ್ಯಕ್ರಮದಲ್ಲಿ ದುಂಡಪ್ಪ ಬೇಕೆಂದೇ ಪಕ್ಕದ ಗೋಡೆಗೆ ಒರಗಿ ನಿಂತ. ವೇದಿಕೆಯ ಹಿಂದೆ ಇಡೀ ಗೋಡೆಯಗಲ ಒಂದು ತೆಳು ಬಟ್ಟೆಯ ಪರದೆ. ಅದರ ಮೇಲೆ ಹೊಗೆ ಉಗುಳುವ ನದಿ ಹಡಗಿನ ಚಿತ್ರ. ಟ್ರಂಪೆಟ್ಟಿನ ಸದ್ದು ಬರುತ್ತಿದ್ದದ್ದು ಬೊಹುಮಿಲ್ ನಿಂತ ಜಾಗದಿಂದಲ್ಲ, ಎರಡು ಮೀಟರ್ ಹಿಂದೆ, ಹಡಗಿನ ಚಕ್ರದ ಹತ್ತಿರದಿಂದ. ಅವನಿಗೆ ಖಾತ್ರಿಯಾಯಿತು. ಮನೆಗೆ ಬಂದವನೇ ಬ್ಯಾಂಡನ್ನು ಕರೆಸಿದ್ದ ಜಾಝ್ ಫೆರೈನ್ ಎಂಬ ಸಂಘದ ಅಧ್ಯಕ್ಷೆ ಫ್ರಾವ್ ಕ್ರಾಯ್ಟ್‌ಮಾಯರ್‌ಗೆ ಇಮೇಲ್ ಬರೆದ. ಸ್ಪೀಕರ್ ಇಲ್ಲವೆಂದು ಹೇಳಿ ಇವರು ರೆಕಾರ್ಡು ಕೇಳಿಸುತ್ತಿದ್ದಾರೆಂದು ನನ್ನ ಬಲವಾದ ಸಂಶಯ, ಬರುವ ಭಾನುವಾರ ಅಳತೆ ಮಾಡಿ ತೋರಿಸಬಲ್ಲೆ ಎಂದು.

ಮಧುಮತಿಗೆ ಅದು ಗೊತ್ತಾದಾಗ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು.

"ನಿಮಗ ಟೇಪಿನ ಚಿಂತಿ ಇಲ್ಲ," ಅಂದಳು. "ಮಗಳು ನಿಮ್ಮ ಮಾತಿಗಿಂತ ಆ ಅಜ್ಜನ ಮಾತು ಜಾಸ್ತಿ ಕೇಳ್ಲಿಕತ್ತಾಳ. ಅದು ಸೈರಣಿ ಆಗವಲ್ದು."

"ಹುಚ್ಚುಚ್ಚಾರ ಮಾತಾಡಬ್ಯಾಡ. ಸುಳ್ಳು ಅಂದ್ರ ಸುಳ್ಳಽ. ಆಕಿ ಒಬ್ಬ ಸುಳ್ಳುಗಾರನ್ನ ಗುರು ಅಂತ ತಿಳ್ಕೊಂಡಾಳ. ನಾ ತಂದಿ ಆಗಿ ಸುಮ್ನ ಕೂಡ್ಲಿ?"

ಮಧುಮತಿ ಮತ್ತೆ ರೊಟ್ಟಿ ತಟ್ಟತೊಡಗಿದಳು. ಅವಳ ಮಾತು ಮಾತ್ರ ಅವನನ್ನು ವಾರವಿಡೀ ಬಿಡಲಿಲ್ಲ. ಬಸ್ಸಿನಲ್ಲಿ, ಲ್ಯಾಬಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ಅವನು ತನ್ನನ್ನೇ ಕೇಳಿಕೊಂಡ, ಹೌದೇನು ಎಂದು. ಅಲ್ಲ ಎಂದು ಪ್ರತಿ ಸಲವೂ ಹೇಳಿಕೊಂಡ. ಪ್ರತಿ ಸಲವೂ ಹೇಳಿಕೊಳ್ಳಬೇಕಾಯಿತಲ್ಲ ಎಂಬುದು ಅವನಿಗೆ ಹಿಡಿಸಲಿಲ್ಲ.

ಲ್ಯಾಬಿನಲ್ಲಿ ಒಂದು ಶಬ್ದದ ಕ್ಯಾಮೆರಾ ಇತ್ತು. ಅಗಲ ತಟ್ಟೆಯಷ್ಟು ದೊಡ್ಡದು, ಮೈತುಂಬ ಸಣ್ಣ ಸಣ್ಣ ಮೈಕು. ಎದುರಿಗೆ ಹಿಡಿದರೆ ಅದರ ಸ್ಕ್ರೀನಿನಲ್ಲಿ ಸದ್ದು ಹುಟ್ಟುವ ಜಾಗದ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಮಗಳ ಶಾಲೆಯ ಪ್ರಾಜೆಕ್ಟಿಗೆ ಬೇಕು ಎಂದು ಮೇಲಧಿಕಾರಿಗೆ ಹೇಳಿ ಶುಕ್ರವಾರ ಅದನ್ನು ಮನೆಗೆ ತಂದ.

ಮೂರನೇ ಭಾನುವಾರ ಹಾಲ್ ಜನರಿಂದ ತುಂಬಿತ್ತು. ಫ್ರಾವ್ ಕ್ರಾಯ್ಟ್‌ಮಾಯರ್ ಕೈಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಳು. ಮೊದಲ ಹಾಡು ಶುರುವಾಗುತ್ತಲೇ ದುಂಡಪ್ಪ ಚೀಲದಿಂದ ಕ್ಯಾಮೆರಾ ತೆಗೆದು ಎತ್ತಿ ಹಿಡಿದ.

ಡ್ರಮ್ಮಿನ ಮೇಲೆ ಚುಕ್ಕೆ ಬಂತು, ಹೋಯಿತು. ಕ್ಲಾರಿನೆಟ್ಟಿನ ಮೇಲೆ ಬಂತು, ಹೋಯಿತು. ಟ್ರಂಪೆಟ್ಟಿನ ಸರದಿ ಬಂದಾಗ ಬೊಹುಮಿಲ್ ಅದನ್ನು ತುಟಿಗಿಟ್ಟ, ಬೆರಳು ಕುಣಿದವು. ಚುಕ್ಕೆ ಅವನ ಮೇಲೆ ಬರಲೇ ಇಲ್ಲ. ಅವನ ಹಿಂದೆ, ಚಿತ್ರದ ಹಡಗಿನ ಮೇಲೆ ಕೆಂಪಗೆ ಉರಿಯಿತು.

"ಅದೇನು?"

ಪವಿ ಪಕ್ಕದಲ್ಲೇ ನಿಂತಿದ್ದಳು. ಅವಳು ಯಾವಾಗ ಬಂದಳೋ ಅವನು ಗಮನಿಸಿರಲಿಲ್ಲ. ಚುಕ್ಕೆಯನ್ನು ನೋಡಿದಳು, ವೇದಿಕೆ ನೋಡಿದಳು, ಮತ್ತೆ ಚುಕ್ಕೆ ನೋಡಿದಳು.

"ನಾ ಹೇಳಿದ್ನಿಲ್ಲ?" ಅಂದ ದುಂಡಪ್ಪ. "ಅವ ಊದಾಕತ್ತಿಲ್ಲ."

"ಇದು ನಿನ್ನ ಆಫೀಸಿನದಲ್ವಾ? ಏನಂತ ಹೇಳಿ ತಂದೆ?"

ಅವನು ತಡವರಿಸಿದ. "ನಿನ್ನ ಸ್ಕೂಲ್ ಪ್ರಾಜೆಕ್ಟಿಗೆ ಅಂತ..."

ಪವಿ ತಿರುಗಿ ನಡೆದಳು. ತಾಯಿ ಕೂತಿದ್ದ ಮೇಜಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ದುಂಡಪ್ಪ ಇನ್ನೊಮ್ಮೆ ಕ್ಯಾಮೆರಾದ ಕಡೆ ಕಣ್ಣು ಹಾಯಿಸಿದ. ಆಗ ಅವನಿಗೆ ತನ್ನ ತಪ್ಪು ಕಂಡಿತು. ಚುಕ್ಕೆ ಒಂದೇ ಕಡೆ ನಿಂತಿರಲಿಲ್ಲ. ಉದ್ದನೆಯ ಸ್ವರದಲ್ಲಿ ಅದು ಸ್ವಲ್ಪ ಮೇಲೇರುತ್ತಿತ್ತು, ಸ್ವರ ಮುಗಿದಾಗ ಇಳಿಯುತ್ತಿತ್ತು. ಸ್ಪೀಕರ್ ಅಲುಗಾಡುವುದಿಲ್ಲ. ಪರದೆಯ ಹಿಂದೆ ಯಾರೋ ಉಸಿರಾಡುತ್ತಿದ್ದರು.

ವಿರಾಮದಲ್ಲಿ ಫ್ರಾವ್ ಕ್ರಾಯ್ಟ್‌ಮಾಯರ್ ಅವನ ಹತ್ತಿರ ಬರುವ ಮೊದಲೇ ಅವನು ಅಡುಗೆಮನೆಯ ಓಣಿಯಿಂದ ವೇದಿಕೆಯ ಹಿಂದಕ್ಕೆ ಹೋದ. ಪರದೆಗೂ ಗೋಡೆಗೂ ನಡುವೆ ಇಕ್ಕಟ್ಟು ಜಾಗ. ತಲೆಕೆಳಗಾಗಿಟ್ಟ ಬಿಯರ್ ಕ್ರೇಟಿನ ಮೇಲೆ ನಲವತ್ತರ ಹತ್ತಿರದ ಹೆಂಗಸು ಕೂತು, ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬ್ರೆಡ್ ತಿನ್ನುತ್ತಿದ್ದಳು. ಅವಳ ಕಣ್ಣಿನ ಮಟ್ಟಕ್ಕೆ ಬಟ್ಟೆಯಲ್ಲಿ ಒಂದು ಸೀಳು.

ಅವಳು ಗಾಬರಿಯಾಗಲಿಲ್ಲ. "ನೀವು ಆ ಹುಡುಗಿಯ ಅಪ್ಪ," ಅಂದಳು ಜರ್ಮನ್‌ನಲ್ಲಿ. "ಎರಡು ವಾರದಿಂದ ನೋಡ್ತಿದ್ದೇನೆ. ಇಲ್ಲಿ ಬಿಯರ್ ಕುಡಿಯದೆ ಕೇಳುವವರು ನೀವೊಬ್ಬರೇ."

ಅವಳು ರಾದ್ಕಾ, ಬೊಹುಮಿಲ್‌ನ ಮಗಳು. ಕ್ಲಾತೋವಿಯಲ್ಲಿ ಮನೆಮನೆಗೆ ಟಪಾಲು ಹಂಚುವವಳು. ಎರಡು ವರ್ಷದ ಹಿಂದೆ ಅಪ್ಪನ ಮುಖದ ಎಡಭಾಗಕ್ಕೆ ಲಕ್ವಾ ಹೊಡೆಯಿತು ಎಂದಳು. ಕೈಕಾಲು ಉಳಿದವು, ಮಾತೂ ಉಳಿಯಿತು. ತುಟಿ ಮಾತ್ರ ಮುಚ್ಚುವುದಿಲ್ಲ, ಗಾಳಿ ಸೋರುತ್ತದೆ. ಅದಾಗಿ ಎರಡು ತಿಂಗಳಿಗೆ ಒಂದು ದೊಡ್ಡ ಕಾರ್ಯಕ್ರಮವಿತ್ತು. ಅದೊಂದೇ ಸಲ ಎಂದು ಶುರು ಮಾಡಿದರು.

ದುಂಡಪ್ಪನಿಗೆ ಆ ಅರ್ಧ ನಗು, ಆ ಕರವಸ್ತ್ರ ನೆನಪಾಗಿ ಕಿವಿ ಬಿಸಿಯಾಯಿತು.

"ಆದರೆ ಊದುವವರು ನೀವು. ಚಪ್ಪಾಳೆ ಅವರಿಗೆ."

"ಅಷ್ಟು ಸರಳ ಅಲ್ಲ," ಅಂದಳು ರಾದ್ಕಾ. "ಮೊದಲು ನಾನು ಈ ಸೀಳಿನಿಂದ ಅವನ ಬೆರಳು ನೋಡಿ ಊದುತ್ತಿದ್ದೆ. ಟ್ರಂಪೆಟ್ಟಿಗೆ ಮೂರೇ ಗುಂಡಿ. ಒಂದೇ ಬೆರಳಿಗೆ ಐದಾರು ಸ್ವರ ಬರ್ತಾವೆ, ಯಾವುದು ಅಂತ ನಾನು ಅವನ ಭುಜ ನೋಡಿ ತಿಳ್ಕೊಳ್ತಿದ್ದೆ. ಅದು ಅವನದೇ ಸಂಗೀತ, ನನ್ನದು ಬರೀ ಗಾಳಿ. ಈಗ ಒಂದು ವರ್ಷದಿಂದ..." ಅವಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟಳು. "ಈಗ ನಾನು ನನಗೆ ತೋಚಿದ್ದು ಊದುತ್ತೇನೆ. ಅವನು ಕೇಳಿ ಬೆರಳು ಆಡಿಸ್ತಾನೆ. ಇಬ್ಬರಿಗೂ ಗೊತ್ತು. ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ."

"ಮುಂದೆ ಹೋಗಿ ನಿಲ್ಲಬೇಕು ಅಂತ ಅನಿಸಲ್ವಾ?"

"ಅನಿಸದೆ ಇರ್ತದಾ?"

ಅಷ್ಟರಲ್ಲಿ ಓಣಿಯಲ್ಲಿ ಫ್ರಾವ್ ಕ್ರಾಯ್ಟ್‌ಮಾಯರ್‌ಳ ಹೆಜ್ಜೆ ಸದ್ದಾಯಿತು. ಅವಳ ಹಿಂದೆಯೇ ಬೊಹುಮಿಲ್. ದುಂಡಪ್ಪ ಅಡ್ಡ ನಿಂತ. "ನನ್ನದು ತಪ್ಪು," ಎಂದು ಅವಸರದಿಂದ ಹೇಳಿದ. "ಟೇಪ್ ಅಲ್ಲ. ಸ್ಪೀಕರ್ ಇಲ್ಲ. ಪೋಸ್ಟರಿನಲ್ಲಿ ಬರೆದದ್ದು ಸುಳ್ಳಲ್ಲ."

ಫ್ರಾವ್ ಕ್ರಾಯ್ಟ್‌ಮಾಯರ್ ಅವನ ಹೆಗಲ ಮೇಲಿಂದ ರಾದ್ಕಾಳನ್ನು ನೋಡಿದಳು, ಅವಳ ತೊಡೆಯ ಮೇಲಿನ ಟ್ರಂಪೆಟ್ಟನ್ನು ನೋಡಿದಳು. ಅವಳು ಕೆಟ್ಟವಳಲ್ಲ. ಆದರೆ ಹೊರಗೆ ಕೂತ ಇನ್ನೂರು ಜನರನ್ನು ಕರೆಸಿದವಳು. "ಪೋಸ್ಟರಿನಲ್ಲಿ ನಿಮ್ಮ ಮುಖವೂ ಇದೆ, ಹೆರ್ ಬೊಹುಮಿಲ್," ಅಂದಳು. "ಜನರಿಗೆ ನೀವೇ ಹೇಳಿ. ಇಲ್ಲವಾದರೆ ನಾನು ಹೇಳಬೇಕಾಗುತ್ತದೆ."

ಬೊಹುಮಿಲ್ ಮಗಳ ಕಡೆ ನೋಡಿದ. ಜೆಕ್ ಭಾಷೆಯಲ್ಲಿ ಏನೋ ಒಂದು ಮಾತು ಹೇಳಿದ. ರಾದ್ಕಾ ತಲೆ ತಗ್ಗಿಸಿದಳು, ಆಮೇಲೆ ಎದ್ದು ನಿಂತು ಅಷ್ಟೇ ಚಿಕ್ಕ ಉತ್ತರ ಕೊಟ್ಟಳು. ಅವನು ತನ್ನ ಟ್ರಂಪೆಟ್ಟನ್ನು ಕ್ರೇಟಿನ ಮೇಲೆ ಮೆಲ್ಲಗಿಟ್ಟ. ದುಂಡಪ್ಪನ ಎದುರು ಒಂದು ಕ್ಷಣ ನಿಂತ. ಅಡುಗೆಮನೆ ದಾಟಿ ಹಿಂಬಾಗಿಲಿನಿಂದ ಹೊರಗೆ ಹೋದ.

ವಿರಾಮ ಮುಗಿದಾಗ ರಾದ್ಕಾ ಒಬ್ಬಳೇ ವೇದಿಕೆಯ ಮುಂದೆ ಬಂದಳು. "ಎರಡು ವರ್ಷದಿಂದ ಟ್ರಂಪೆಟ್ ಊದಿದವಳು ನಾನು," ಅಂದಳು. "ಊದುವುದನ್ನು ಕಲಿಸಿದವನು ಅವನು." ಹಾಲಿನಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನ ದಂಪತಿಗಳಿಬ್ಬರು ಎದ್ದು ಕೋಟು ಹಾಕಿಕೊಂಡು ಹೊರಟುಹೋದರು. ಅವಳು ಕಾಯಲಿಲ್ಲ. ಡ್ರಮ್ಮಿನವನಿಗೆ ಕಣ್ಸನ್ನೆ ಮಾಡಿ ಶುರು ಮಾಡಿದಳು.

ಬಟ್ಟೆಯ ಅಡ್ಡವಿಲ್ಲದೆ ಆ ಟ್ರಂಪೆಟ್ ಹೇಗಿತ್ತೆಂದು ದುಂಡಪ್ಪನಿಗೆ ಆಮೇಲೂ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಮೊದಲ ಹಾಡಿನಲ್ಲಿ ಅವಳು ಎರಡು ಕಡೆ ಎಡವಿದಳು. ಮೂರನೇ ಹಾಡಿಗೆ ಜನ ಕುಣಿಯಲೆದ್ದರು, ಅವರಲ್ಲಿ ಮಧುಮತಿಯೂ ಇದ್ದಳು. ಪವಿ ಮಾತ್ರ ಕಾಣಲಿಲ್ಲ.

ಅವನು ಹುಡುಕುತ್ತ ಹಿಂದಿನ ಅಂಗಳಕ್ಕೆ ಹೋದ. ಬ್ಯಾಂಡಿನ ವ್ಯಾನಿನ ಬಾಗಿಲು ತೆರೆದಿತ್ತು. ಒಳಗೆ ಬೊಹುಮಿಲ್ ಕೂತಿದ್ದ, ಅವನೆದುರಿನ ಸೀಟಿನಲ್ಲಿ ಪವಿ. ವೇದಿಕೆಯ ಸಂಗೀತ ಗೋಡೆ ದಾಟಿ ಕೇಳುತ್ತಿತ್ತು. ದುಂಡಪ್ಪ ಹತ್ತಿರ ಹೋಗಿ, "ಕ್ಷಮಿಸಿ," ಅಂದ. "ನಿಮಗೆ ಹೀಗಾಗಿದೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ದರೆ?" ಎಂದು ಬೊಹುಮಿಲ್ ಕೇಳಿದ.

ದುಂಡಪ್ಪ ವ್ಯಾನಿನ ಬಾಗಿಲಿಗೆ ಕೈಯೂರಿ ನೆಲ ನೋಡಿದ.

"ಯಾರಾದರೂ ಹಿಡಿಯಲಿ ಅಂತ ನಾನು ಕಾಯುತ್ತಿದ್ದೆ, ಈಗ ಹಗುರಾಯಿತು ಅಂತ ನಾನು ಹೇಳುತ್ತೇನೆ ಅಂದುಕೊಂಡಿದ್ದೀರಾ?" ಮುದುಕ ಬಾಯಿ ಒರೆಸಿಕೊಂಡ. "ನಾನು ಕಾಯುತ್ತಿರಲಿಲ್ಲ. ಹಗುರಾಗಿಲ್ಲ. ಹೋಗಿ, ನಿಮ್ಮ ಮಗಳು ಇನ್ನೊಂದು ಹಾಡು ಕೇಳಿ ಬರುತ್ತಾಳೆ."

ಪವಿ ತಂದೆಯ ಕಡೆ ನೋಡಲೂ ಇಲ್ಲ.

ನಾಲ್ಕನೇ ಭಾನುವಾರ ಬ್ಯಾಂಡು ಬೊಹುಮಿಲ್ ಇಲ್ಲದೆ ಬಂತು. ಹಾಲ್ ಮುಕ್ಕಾಲು ತುಂಬಿತ್ತು. ಸೋಮವಾರ ದುಂಡಪ್ಪ ಕ್ಯಾಮೆರಾ ವಾಪಸು ಕೊಡುವಾಗ, ಅದು ಮಗಳ ಪ್ರಾಜೆಕ್ಟಿಗಲ್ಲ ಎಂದು ಮೇಲಧಿಕಾರಿಗೆ ಹೇಳಿದ. ಅವಳು, ಇನ್ನು ಮೇಲೆ ಲ್ಯಾಬಿನ ವಸ್ತು ಹೊರಗೆ ಒಯ್ಯಲು ಇಬ್ಬರ ಸಹಿ ಬೇಕು ಎಂದು ಅವನ ಹೆಸರಿಗಷ್ಟೇ ಒಂದು ನಿಯಮ ಮಾಡಿದಳು. ಅದನ್ನು ಮನೆಯಲ್ಲಿ ಹೇಳಿದಾಗ ಪವಿ ತಟ್ಟೆಯಿಂದ ತಲೆಯೆತ್ತಿ, "ಎಖ್ಟ್?" ಅಂದಳು. ನಿಜವಾ ಎಂದು. ಎಂಟು ದಿನಗಳಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಪಾಠ ಮತ್ತೆ ಶುರುವಾದದ್ದು ಡಿಸೆಂಬರಿನಲ್ಲಿ. ಪವಿ ಬೊಹುಮಿಲ್‌ಗೆ ಕಾಗದ ಬರೆದಿದ್ದಳಂತೆ. ಅದನ್ನು ಅವನ ಮನೆಗೆ ತಲುಪಿಸಿದವಳು ರಾದ್ಕಾಳೇ. ಅರ್ಧ ದಾರಿ ನೀನು ಬಾ, ಅರ್ಧ ದಾರಿ ನಾನು ಬರುತ್ತೇನೆ ಎಂದು ಮುದುಕ ಉತ್ತರಿಸಿದ. ಅರ್ಧ ದಾರಿಯೆಂದರೆ ಬಯೆರಿಷ್ ಐಸೆನ್‌ಸ್ಟೈನ್. ಎರಡೂ ದೇಶದ ರೈಲು ಬಂದು ನಿಲ್ಲುವ, ಗಡಿರೇಖೆ ಕಟ್ಟಡದ ನಡುವೆಯೇ ಹಾದುಹೋಗುವ ಸ್ಟೇಷನ್.

ದುಂಡಪ್ಪನೇ ಮಗಳನ್ನು ಕರೆದುಕೊಂಡು ಹೋದ. ಎರಡು ಕಡೆ ರೈಲು ಬದಲಿಸಿ ಇಳಿದಾಗ ಪ್ಲಾಟ್‌ಫಾರ್ಮಿನ ಮೇಲೆ ಮೊಣಕಾಲೆತ್ತರ ಹಿಮವಿತ್ತು. ಬೊಹುಮಿಲ್ ರಾದ್ಕಾಳ ತೋಳು ಹಿಡಿದು ನಿಂತಿದ್ದ. ಸ್ಟೇಷನ್ನಿನ ಒಳಗೆ ಒಂದು ಖಾಲಿ ಕೋಣೆ ಕೇಳಿಟ್ಟುಕೊಂಡಿದ್ದರು. ಪವಿಯ ಹಿಂದೆ ದುಂಡಪ್ಪನೂ ಹೊರಟಾಗ ಮುದುಕ ಬಾಗಿಲಿಗೆ ಕೈ ಅಡ್ಡ ಇಟ್ಟ.

"ನೀವು ಬೇಡ," ಅಂದ. "ನಿಮ್ಮ ಕಿವಿ ನನ್ನ ಹತ್ತಿರ ಬೇಡ."

ಬಾಗಿಲು ಮುಚ್ಚಿತು. ದುಂಡಪ್ಪ, ರಾದ್ಕಾ ಹೊರಗಿನ ಬೆಂಚಿನ ಮೇಲೆ ಕೂತರು. ಮಧುಮತಿ ಫ್ಲಾಸ್ಕಿನಲ್ಲಿ ಕಳಿಸಿದ್ದ ಚಹಾವನ್ನು ಅವನು ಎರಡು ಮುಚ್ಚಳಗಳಿಗೆ ಬಗ್ಗಿಸಿದ.

"ಅಪ್ಪ ಮನೆಯಲ್ಲಿ ನಿಮ್ಮ ಜೊತೆ ಮಾತಾಡ್ತಾರಾ?" ಎಂದು ಕೇಳಿದ.

"ಸಂಗೀತದ ವಿಷಯ ಮಾತ್ರ. ಎರಡನೇ ಹಾಡು ಓಡಿಸ್ತಿದ್ದೀಯ, ಮೂರನೆಯದರಲ್ಲಿ ಉಸಿರು ಸಾಲದು, ಅಷ್ಟೇ. ಉಪ್ಪು ಕೊಡು ಅಂತಲೂ ಕೇಳಲ್ಲ, ಎದ್ದು ತಾನೇ ತಗೊಳ್ತಾನೆ." ಅವಳು ಚಹಾ ಕುಡಿದು, ಏಲಕ್ಕಿಯ ವಾಸನೆಗೆ ಹುಬ್ಬೇರಿಸಿದಳು. "ಹೊಸ ಪೋಸ್ಟರಿನಲ್ಲಿ ಯಾರ ಮುಖವೂ ಇಲ್ಲ. ಅದಕ್ಕೂ ಸಿಟ್ಟು."

"ನಾನು ಮಾಡಿದ್ದು ಸರಿಯಾಯಿತಾ, ತಪ್ಪಾಯಿತಾ?"

ರಾದ್ಕಾ ಚಹಾದ ಮುಚ್ಚಳವನ್ನು ಕೈಯಲ್ಲಿ ತಿರುಗಿಸಿದಳು. ಆ ಕಡೆಯ ಹಳಿಯ ಮೇಲೆ ಕ್ಲಾತೋವಿಗೆ ಹೋಗುವ ಎರಡು ಡಬ್ಬಿಯ ರೈಲು ಎಂಜಿನ್ ಶುರು ಮಾಡಿತು.

"ನನಗಿನ್ನೂ ಗೊತ್ತಿಲ್ಲ," ಎಂದಳು. "ನನಗೆ ಈಗ ನಿದ್ದೆ ಚೆನ್ನಾಗಿ ಬರ್ತದೆ. ಅವನಿಗೆ ಬರ್ತಾ ಇಲ್ಲ. ಇನ್ನೊಂದು ವರ್ಷ ಬಿಟ್ಟು ಕೇಳಿ."

ಒಂದು ತಾಸಿನ ಮೇಲೆ ಬಾಗಿಲು ತೆರೆಯಿತು. ಪವಿಯ ತುಟಿ ಊದಿ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಏನು ಕಲಿತೆ ಎಂದು ದುಂಡಪ್ಪ ಕೇಳಲಿಲ್ಲ. "ಹಸಿವಾಗೇತೇನ?" ಎಂದಷ್ಟೇ ಕೇಳಿದ.

"ತುಂಬಾ," ಅಂದಳು ಪವಿ ಕನ್ನಡದಲ್ಲೇ. ಅವನ ಕೈಗೆ ಟ್ರಂಪೆಟ್ಟಿನ ಪೆಟ್ಟಿಗೆ ಕೊಟ್ಟಳು. ಬುತ್ತಿ ಬಿಚ್ಚಲು ಸಮಯವಿರಲಿಲ್ಲ; ಊರಿಗೆ ಮರಳಲು ಹಿಡಿಯಬೇಕಾದ ಪ್ಲಾಟ್ಲಿಂಗ್ ಕಡೆಯ ರೈಲು ಹೊರಡಲು ಎರಡೇ ನಿಮಿಷ ಉಳಿದಿತ್ತು. ಇಬ್ಬರೂ ಹಿಮ ತುಳಿಯುತ್ತ ಓಡಿದರು.